ವೇಣೂರಿನ ಗೊಮ್ಮಟನೂ ಹವ್ಯಾಸಿ ಸಂಘದ ಪ್ರಸಂಗವೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಹವ್ಯಾಸಿ ಯಕ್ಷಗಾನ ಮತ್ತು ತಾಳಮದ್ದಳೆ ಸಂಘಗಳ ಪದಾಧಿಕಾರಿಗಳಿಗೆ, ಕಲಾವಿದರಿಗೆ,

ಕಾರ್ಕಳದಲ್ಲಿ ವೀರಪಾಂಡ್ಯ ಅರಸ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ. ಸುಮಾರು ನೂರೆಪ್ಪತ್ತು ವರ್ಷ ಕಳೆದ ಮೇಲೆ ವೇಣೂರಿನ ತಿಮ್ಮಣ್ಣ ಅಜಿಲನಿಗೂ ತನ್ನ ಊರಿನಲ್ಲಿ ಅಂಥದೇ ಮೂರ್ತಿ ಬೇಕೆನಿಸಿತು. ಕಾರ್ಕಳದ ಭೈರವರಸನಿಗೆ ಇದು ಸಹನೆಯಾಗಲಿಲ್ಲವಂತೆ. ತನ್ನೂರಿನ ಗೊಮ್ಮಟನ ಕೀರ್ತಿ ಹಂಚಿಹೋದೀತೆಂದು ಅಡ್ಡಿ ಮಾಡಿದ, ಅಜಿಲ ಬಗ್ಗದಿದ್ದಾಗ ದಂಡೆತ್ತಿ ಬಂದ. ಅಜಿಲ ಮೂರ್ತಿಯನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹೂತಿಟ್ಟು ಉಳಿಸಿಕೊಂಡ ಎಂದು ಆ ಕಡೆಯವರು ಇವತ್ತಿಗೂ ಹೇಳುತ್ತಾರೆ. ಕಥೆಯಲ್ಲಿ ಉಪ್ಪುಖಾರ ಎಷ್ಟು ಸೇರಿದೆಯೋ, 1604ರಲ್ಲಿ ವೇಣೂರಿನ ಗೊಮ್ಮಟ ಎದ್ದು ನಿಂತದ್ದಂತೂ ನಿಜ. ಮುಂದಿನ ಅಧ್ಯಾಯ ಇನ್ನೂ ಸ್ವಾರಸ್ಯದ್ದು. ಇಪ್ಪತ್ತನೇ ಶತಮಾನದಲ್ಲಿ ಧರ್ಮಸ್ಥಳಕ್ಕೆ ಮತ್ತೊಬ್ಬ ಗೊಮ್ಮಟ ಬೇಕಾದಾಗ ಅದನ್ನು ಕಡೆದವರು ರೆಂಜಾಳ ಗೋಪಾಲ ಶೆಣೈ. ಕಡೆದದ್ದು ಕಾರ್ಕಳದ ಬಳಿಯ ಬಂಡೆಯಲ್ಲಿ. ಭೈರವರಸ ಯಾವುದನ್ನು ತಡೆಯಲು ಹೊರಟಿದ್ದನೋ ಅದನ್ನು ಅವನ ಊರಿನ ಸೀಮೆಯವರೇ ಮಾಡಿ ಕೊಟ್ಟರು. ಇವಕ್ಕೆಲ್ಲ ಮೂಲ ಶ್ರವಣಬೆಳಗೊಳದ್ದು ಎಂಬುದನ್ನು ಕಾರ್ಕಳದ ಅರಸ ಆ ಹೊತ್ತಿಗೆ ಮರೆತಿರಬೇಕು.

ಎರವಲು ತರುವುದಕ್ಕೆ ಈ ಮೂರು ತಾಲೂಕುಗಳಲ್ಲಿ ಯಾರೂ ನಾಚಿಕೊಂಡವರಲ್ಲ. ಆದರೆ ಈಚಿನ ವರ್ಷಗಳಲ್ಲಿ ಸಂಘಗಳ ಸಭೆಗಳಲ್ಲಿ ‘ಕಾಪಿರೈಟ್’ ಎಂಬ ಮಾತು ಬಂದ ಕೂಡಲೇ ಎರಡು ಬಗೆಯ ತಪ್ಪು ತಿಳಿವಳಿಕೆ ಒಟ್ಟಿಗೇ ಎದ್ದು ನಿಲ್ಲುತ್ತದೆ. ಯಾರನ್ನೂ ಕೇಳಬೇಕಾಗಿಲ್ಲದ ಹಳೆಯ ಪ್ರಸಂಗಕ್ಕೆ ಕೆಲವರು ಹೆದರುತ್ತಾರೆ. ಕೇಳಲೇಬೇಕಾದ ಹೊಸ ಪ್ರಸಂಗವನ್ನು ಇನ್ನು ಕೆಲವರು ಪುಸ್ತಕ ಜೆರಾಕ್ಸ್ ಮಾಡಿಸಿ ಚೌಕಿಗೆ ತರುತ್ತಾರೆ. ಕಾಯ್ದೆ ಹವ್ಯಾಸಿಗಳಿಗೆ ಕೊಟ್ಟಿರುವ ಸ್ವಾತಂತ್ರ್ಯ ಎಷ್ಟು, ಕೊಡದೆ ಉಳಿಸಿಕೊಂಡದ್ದು ಎಷ್ಟು, ಯಾರನ್ನು ಅದು ಕಣ್ಣೆತ್ತಿಯೂ ನೋಡಿಲ್ಲ ಎಂಬುದನ್ನು ಹೇಳಲು ಈ ಪತ್ರ.

ಈ ವಿಚಾರದಲ್ಲಿ ಯಕ್ಷಗಾನದ ಪಾಲಿಗೆ ಬಹಳ ಮುಖ್ಯವಾದ ಮೊಕದ್ದಮೆ ನಮ್ಮ ಕರಾವಳಿಯದೇ. ಕೋಟ ಶಿವರಾಮ ಕಾರಂತರು ಯಕ್ಷಗಾನವನ್ನು ತಮ್ಮದೇ ರೀತಿಯಲ್ಲಿ ಮುರಿದು ಕಟ್ಟಿದ್ದು ನಿಮಗೆ ಗೊತ್ತು. ರಾತ್ರಿಯಿಡೀ ನಡೆಯುವ ಆಟವನ್ನು ಅವರು ಕೆಲವೇ ತಾಸಿಗೆ ಇಳಿಸಿದರು, ಮಾತನ್ನು ಹಿಂದಕ್ಕೆ ಸರಿಸಿ ಕುಣಿತ ಮತ್ತು ಹಾಡನ್ನು ಮುಂದೆ ತಂದರು, ಹಿಮ್ಮೇಳಕ್ಕೆ ವಯಲಿನ್, ಸ್ಯಾಕ್ಸೊಫೋನ್ ಸೇರಿಸಿದರು, ವೇಷಭೂಷಣವನ್ನು ತಿದ್ದಿದರು. ‘ಯಕ್ಷಗಾನ ಬ್ಯಾಲೆ’ ಎಂದು ಹೆಸರಾದ ಈ ಪ್ರಯೋಗಗಳಿಗೆ ಆಸರೆಯಾದದ್ದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ನಡೆಸುತ್ತಿದ್ದ ಉಡುಪಿಯ ಯಕ್ಷಗಾನ ಕೇಂದ್ರ. 1997ರ ಡಿಸೆಂಬರಿನಲ್ಲಿ ಕಾರಂತರು ತೀರಿಕೊಂಡರು. 1994ರಲ್ಲಿ ಬರೆದಿಟ್ಟಿದ್ದ ಉಯಿಲಿನಲ್ಲಿ ಅವರು ತಮ್ಮ ಕೃತಿಗಳ ಹಕ್ಕನ್ನು ಬಿ. ಮಾಲಿನಿ ಮಲ್ಯರಿಗೆ ಕೊಟ್ಟಿದ್ದರು. 2001ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯ ಪ್ರದರ್ಶನವಾದಾಗ ಮಲ್ಯರು ತಮ್ಮ ಅನುಮತಿ ಪಡೆದಿಲ್ಲವೆಂದು ಉಡುಪಿಯ ನ್ಯಾಯಾಲಯದ ಮೆಟ್ಟಿಲೇರಿದರು. ಭೀಷ್ಮ ವಿಜಯ, ನಳದಮಯಂತಿ, ಕನಕಾಂಗಿ, ಅಭಿಮನ್ಯು, ಚಿತ್ರಾಂಗದಾ, ಪಂಚವಟಿ, ಗಂಗಾ ಚರಿತ ಎಂಬ ಏಳು ಪ್ರಯೋಗಗಳ ಮೇಲೆ ನಡೆದ ಮೊಕದ್ದಮೆ ಅದು. 2003ರಲ್ಲಿ ಉಡುಪಿಯಲ್ಲಿ, ಆಮೇಲೆ ಹೈಕೋರ್ಟಿನಲ್ಲಿ ತೀರ್ಪಾಗಿ, ಕಡೆಗೆ 2009ರ ಜನವರಿ 23ರಂದು ಸುಪ್ರೀಂ ಕೋರ್ಟು ಮಾತು ಮುಗಿಸಿತು.

ಏಳರ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಈ ಮೊಕದ್ದಮೆಯ ಗಂಟು ಕಾಣುತ್ತದೆ. ಅಭಿಮನ್ಯುವಿನ ಕಥೆ ವ್ಯಾಸರದು, ಕನ್ನಡದಲ್ಲಿ ಕುಮಾರವ್ಯಾಸನದು. ಪಂಚವಟಿ ಎಂದರೆ ಕುಂಬಳೆಯ ಪಾರ್ತಿಸುಬ್ಬನ ಹೆಸರು ಹೇಳುವ ನಾಡು ಇದು. ಹೆಜ್ಜೆ, ಚೆಂಡೆ, ಕಿರೀಟ ಯಾವುದೂ ಒಬ್ಬರ ಆಸ್ತಿಯಲ್ಲ. ಹಾಗಾದರೆ ಕಾರಂತರದ್ದು ಏನು? ಇವನ್ನೆಲ್ಲ ಅವರು ಹೇಗೆ ಜೋಡಿಸಿದರೋ ಆ ಜೋಡಣೆ. ಕಾಯ್ದೆಯ ವ್ಯಾಖ್ಯೆಯಲ್ಲಿ ನಾಟಕಕೃತಿ ಎಂದರೆ ಬರವಣಿಗೆಯಲ್ಲೋ ಬೇರೆ ರೀತಿಯಲ್ಲೋ ನೆಲೆಗೊಳಿಸಿದ ರಂಗವಿನ್ಯಾಸ, ಅಭಿನಯ ರೂಪ, ನೃತ್ಯ ಸಂಯೋಜನೆ. ಕಾರಂತರ ಬ್ಯಾಲೆ ಸಾಹಿತ್ಯಕೃತಿಯಲ್ಲ, ನಾಟಕಕೃತಿ ಎಂದು ನ್ಯಾಯಾಲಯ ವಿಂಗಡಿಸಿತು. ಉಯಿಲಿನಲ್ಲಿ ಸಾಹಿತ್ಯಕೃತಿಗಳ ಬಗ್ಗೆ ಬರೆದ ಸಾಲಿನಿಂದ ಅದು ದಾಟುವುದಿಲ್ಲ, ಉಳಿದುದೆಲ್ಲ ಇವರಿಗೆ ಎಂದು ಬರೆದ ಸಾಲಿನಿಂದ ದಾಟುತ್ತದೆ ಎಂದಿತು. ಹಕ್ಕು ಮಲ್ಯರಿಗೇ ಉಳಿಯಿತು. ಅದರ ಅವಧಿ 2057ರ ಡಿಸೆಂಬರ್ 31ರ ತನಕ.

ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಇಷ್ಟು. ನಿಮಗೆ ಬೇಕಾದ ಭಾಗ ತೀರ್ಪಿನ ಕೊನೆಯಲ್ಲಿದೆ. ಕಾಯ್ದೆಯ 52ನೇ ಕಲಮಿನಲ್ಲಿರುವ ರಿಯಾಯಿತಿಗಳು ಮಣಿಪಾಲದ ಅಕಾಡೆಮಿಗೂ ಸಲ್ಲುತ್ತವೆ ಎಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಅಂಗವಾಗಿ ಅಲ್ಲಿನ ಶಿಕ್ಷಕರು, ವಿದ್ಯಾರ್ಥಿಗಳು ಆಡುವುದು ಆ ರಿಯಾಯಿತಿಗಳಲ್ಲೊಂದು. ಮೂಡುಬಿದಿರೆಯ ಕಾಲೇಜುಗಳಲ್ಲಿ ವರ್ಷವಿಡೀ ಗೆಜ್ಜೆ ಕಟ್ಟುವ ಹುಡುಗ ಹುಡುಗಿಯರು ಇದನ್ನು ನೆನಪಿಡಬಹುದು. ಇನ್ನೊಂದು ನೇರ ನಿಮಗೇ ಬರೆದಂತಿದೆ: ಹವ್ಯಾಸಿ ಸಂಘವೊಂದು ಟಿಕೆಟಿಲ್ಲದ ಪ್ರೇಕ್ಷಕರೆದುರು, ಅಥವಾ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥವಾಗಿ ಕೃತಿಯನ್ನು ಆಡಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲ.

ಗಣೇಶೋತ್ಸವದ ವೇದಿಕೆಯಲ್ಲಿ, ಶಾಲೆಯ ಮೈದಾನದಲ್ಲಿ, ಊರಿನ ಗದ್ದೆಯಲ್ಲಿ ಉಚಿತವಾಗಿ ನಡೆಯುವ ನಿಮ್ಮ ಆಟ, ಕೂಟಗಳಲ್ಲಿ ಹೆಚ್ಚಿನವು ಈ ನೆರಳಿನಲ್ಲಿ ಬರುತ್ತವೆ. ಆದರೆ ಇದರಲ್ಲೊಂದು ತಮಾಷೆ ಉಂಟು. ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ಟಿಕೆಟ್ ಮಾರಿ ಆಡಿದರೂ ರಿಯಾಯಿತಿ ಸಿಗುತ್ತದೆ. ಅದೇ ಸಂಘ ಅದೇ ಪ್ರಸಂಗವನ್ನು ಸರಕಾರಿ ಶಾಲೆಯ ಮಾಡು ರಿಪೇರಿಗೆಂದು ಟಿಕೆಟಿಟ್ಟು ಆಡಿದರೆ ಸಿಗುವುದಿಲ್ಲ. ಶಾಸನ ಬರೆದವರಿಗೆ ದೇವಸ್ಥಾನದ ಮಾಡು ಸೋರುವುದು ಕಂಡಿತು, ಶಾಲೆಯದು ಕಾಣಲಿಲ್ಲ! ಹವ್ಯಾಸಿ ಎಂದರೆ ಯಾರು ಎಂದೂ ಕಾಯ್ದೆ ಬಿಡಿಸಿ ಹೇಳಿಲ್ಲ. ಸಂಘದ ಸದಸ್ಯರು ವೇಷ ಕಟ್ಟಿ, ಮೇಳದ ಭಾಗವತರನ್ನೂ ಇಬ್ಬರು ಸ್ಟಾರ್ ಕಲಾವಿದರನ್ನೂ ಸಂಭಾವನೆ ಕೊಟ್ಟು ಕರೆಸಿದ ಆಟ ಹವ್ಯಾಸಿ ಆಟ ಹೌದೋ ಅಲ್ಲವೋ ಎಂದು ಯಾರಾದರೂ ತಕರಾರು ತೆಗೆದರೆ ವಕೀಲರಿಬ್ಬರಿಗೂ ಒಳ್ಳೆಯ ಕೆಲಸ.

ಧರ್ಮಸ್ಥಳ, ಕಟೀಲು ಮುಂತಾದ ಮೇಳಗಳ ಸೇವೆಯಾಟದ ಸಂಗತಿ ಬೇರೆ. ಅಲ್ಲಿನ ಕಲಾವಿದರು ಹವ್ಯಾಸಿಗಳಲ್ಲ, ಸಂಬಳದವರು. ಆದರೆ ಅದೇ ಕಲಮಿನಲ್ಲಿ ನಿಜವಾದ ಧಾರ್ಮಿಕ ವಿಧಿಯ ಭಾಗವಾಗಿ ನಡೆಯುವ ಪ್ರದರ್ಶನಕ್ಕೂ ವಿನಾಯಿತಿ ಇದೆ. ಚೌಕಿಪೂಜೆಯಿಂದ ಮಂಗಳದವರೆಗೆ ದೇವರ ಎದುರು ಹರಕೆ ಒಪ್ಪಿಸುವ ಕ್ರಮ ಅದು. ಆಡಿಸುವ ಮನೆಯವರು ಅದನ್ನು ಮನರಂಜನೆ ಎಂದು ಕರೆಯುವುದಿಲ್ಲ, ಸೇವೆ ಎನ್ನುತ್ತಾರೆ. ಆ ವಾದಕ್ಕೆ ಬಲ ಸಾಕಷ್ಟಿದೆ.

ಇಷ್ಟು ಓದಿ ಎದೆ ಹಗುರ ಮಾಡಿಕೊಂಡವರು ಒಂದು ಮಾತು ಗಮನಿಸಬೇಕು. ರಿಯಾಯಿತಿ ಇರುವುದು ಆಡುವುದಕ್ಕೆ ಮಾತ್ರ. ಆಡಿದ್ದನ್ನು ಮೂರು ಕ್ಯಾಮೆರಾ ಇಟ್ಟು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುವುದು, ಜಾಹೀರಾತಿನ ಹಣ ಎಣಿಸುವುದು ಬೇರೆಯೇ ಬಾಬತ್ತು. ಗದ್ದೆಯಲ್ಲಿ ಕೂತ ಮುನ್ನೂರು ಮಂದಿಗೆ ಉಚಿತವಾಗಿ ತೋರಿಸಿದಾಗ ಇದ್ದ ರಕ್ಷಣೆ ಮೊಬೈಲಿನಲ್ಲಿ ನೋಡುವ ಮೂವತ್ತು ಸಾವಿರ ಮಂದಿಯ ಎದುರು ಇರುವುದಿಲ್ಲ.

ಹಾಗಾದರೆ ಯಾವ ಪ್ರಸಂಗಕ್ಕೆ ಯಾರನ್ನೂ ಕೇಳಬೇಕಿಲ್ಲ? ಲೆಕ್ಕ ಸುಲಭ. ಕರ್ತೃ ತೀರಿಕೊಂಡ ವರ್ಷಕ್ಕೆ ಅರುವತ್ತು ಸೇರಿಸಿ. ಆ ವರ್ಷದ ಡಿಸೆಂಬರ್ ಕಳೆದರೆ ಕೃತಿ ಎಲ್ಲರದು. 1957ರ ಕಾಯ್ದೆಯಲ್ಲಿ ಮೊದಲು ಐವತ್ತು ವರ್ಷವಿತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡು 1991ಕ್ಕೆ ಐವತ್ತಾಗುತ್ತ ಬಂದಾಗ, ವಿಶ್ವಭಾರತಿಯ ಕೈಯಿಂದ ಅವರ ಕೃತಿಗಳು ಜಾರಿಹೋಗುತ್ತವೆ ಎಂಬ ಕಳವಳದಲ್ಲಿ ಸರಕಾರ ಅದನ್ನು ಅರುವತ್ತು ಮಾಡಿತು. ಒಬ್ಬ ಕವಿಗಾಗಿ ಇಡೀ ದೇಶದ ಗಡಿಯಾರ ಹತ್ತು ವರ್ಷ ಹಿಂದೆ ಹೋಯಿತು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡದ್ದರಿಂದ ಈ ತಿದ್ದುಪಡಿಗೆ ಸಿಗಲಿಲ್ಲ. 1988ರ ಜನವರಿಯಿಂದಲೇ ಅವರ ಕವಿತೆ, ಕಥೆಗಳು ಮುಕ್ತ. ಅವರ ‘ಕೋಟಿ ಚೆನ್ನಯ’ವನ್ನು ಆಧರಿಸಿ ನೀವು ನಾಳೆ ಪ್ರಸಂಗ ಬರೆದರೂ ಕೇಳುವವರಿಲ್ಲ. ಪಂಜೆಯವರೂ ಅದನ್ನು ಕಟ್ಟಿದ್ದು ತುಳು ಪಾಡ್ದನದಿಂದ. ಪಾಡ್ದನ ಹೇಳುತ್ತಿದ್ದವರ ಹಕ್ಕಿನ ಮಾತನ್ನು ಆಗ ಯಾರೂ ಎತ್ತಲಿಲ್ಲ.

ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೆ, ನಂದಳಿಕೆಯ ಮುದ್ದಣನ ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ಗಳಿಗೆ ಅಪ್ಪಣೆ ಬೇಡ. ಮುದ್ದಣನದು ವಿಚಿತ್ರ ಪ್ರಕರಣ. ಇತರರ ಕೃತಿಗೆ ತಮ್ಮ ಹೆಸರು ಹಾಕಿಕೊಂಡವರನ್ನು ಎಲ್ಲ ಕಾಲದಲ್ಲೂ ಕಂಡಿದ್ದೇವೆ. ಆತ ತಾನೇ ಬರೆದ ‘ರಾಮಾಶ್ವಮೇಧ’ವನ್ನು ಯಾವುದೋ ಹಳೆಯ ಕವಿಯ ಓಲೆಗರಿ ಸಿಕ್ಕಿತೆಂದು ಮೈಸೂರಿನ ಪತ್ರಿಕೆಗೆ ಕಳಿಸಿದ. ಹೊಸಬನ ಬರಹವೆಂದರೆ ಅಚ್ಚು ಹಾಕುವವರಿಲ್ಲ, ಹಳಬನದೆಂದರೆ ಗೌರವ ಎಂಬುದು ಆ ಬಡ ವ್ಯಾಯಾಮ ಮೇಷ್ಟ್ರಿಗೆ ಗೊತ್ತಿತ್ತು. ಕರ್ತೃತ್ವವನ್ನು ಬಿಟ್ಟುಕೊಟ್ಟು ಓದುಗರನ್ನು ಪಡೆದವನಿಗೆ ಯಾವ ಕಲಮು ಹಚ್ಚುವುದು?

ಇನ್ನು ಕೇಳಬೇಕಾದವು. ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿ ಅಗಲಿದರು. ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಅವರು ಹಾಡಿದ್ದು ಮಾತ್ರವಲ್ಲ, ಐದು ದಿನಗಳ ‘ದೇವಿ ಮಹಾತ್ಮೆ’ ಸೇರಿದಂತೆ ಹಲವು ಪ್ರಸಂಗಗಳನ್ನು ರಚಿಸಿದರು. ಅವುಗಳ ಹಕ್ಕು 2083ರ ಕೊನೆಯವರೆಗೆ ಕುಟುಂಬದ್ದು, ಅಥವಾ ಅವರು ಬರೆದುಕೊಟ್ಟವರದು. ಅಮೃತ ಸೋಮೇಶ್ವರರು ತೀರಿಕೊಂಡದ್ದು 2024ರ ಜನವರಿಯಲ್ಲಿ. ಅವರ ಪ್ರಸಂಗಗಳಿಗೆ ಇನ್ನೂ ಒಂದು ವರ್ಷ ಹೆಚ್ಚು ಬಾಳಿಕೆ. ಬೊಟ್ಟಿಕೆರೆ ಪುರುಷೋತ್ತಮ ಪೂಂಜರ ‘ಮಾನಿಷಾದ’ ಆಡದ ಹವ್ಯಾಸಿ ಸಂಘ ಈ ಸೀಮೆಯಲ್ಲಿ ಅಪರೂಪ. ಅದು ವಾಲ್ಮೀಕಿಯ ಕಥೆ, ಹಳೆಯದೇ ಇರಬೇಕು ಎಂದುಕೊಂಡವರಿದ್ದಾರೆ. ಕಥೆ ಹಳೆಯದು, ಪದ್ಯಗಳು ಪೂಂಜರವು. ಹಳೆಯ ಪ್ರಸಂಗದ ಹೊಸ ಅಚ್ಚಿನಲ್ಲಿಯೂ ಇದೇ ಸೂಕ್ಷ್ಮವಿದೆ: ಪದ್ಯಕ್ಕೆ ಒಡೆಯನಿಲ್ಲದಿದ್ದರೂ ಜೊತೆಗೆ ಅಚ್ಚಾದ ಅರ್ಥ, ಮುನ್ನುಡಿ, ಟಿಪ್ಪಣಿ ಬರೆದವರದ್ದೇ.

ಕಥೆಯ ಮೇಲೆ ಯಾರಿಗೂ ಒಡೆತನವಿಲ್ಲ ಎಂಬುದನ್ನು ಸುಪ್ರೀಂ ಕೋರ್ಟು 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿತ್ತು. ‘ಹಮ್ ಹಿಂದೂಸ್ಥಾನಿ’ ಎಂಬ ನಾಟಕದ ಕರ್ತೃ, ‘ನ್ಯೂ ಡೆಲ್ಲಿ’ ಎಂಬ ಸಿನಿಮಾ ತನ್ನ ನಾಟಕದ ನಕಲು ಎಂದು ದೂರಿದ್ದರು. ವಿಷಯ, ಕಥಾವಸ್ತು, ಪುರಾಣ ಇತಿಹಾಸಗಳ ಸಂಗತಿ ಯಾರದೂ ಅಲ್ಲ, ಅದನ್ನು ಹೇಳಿದ ರೀತಿ ಮಾತ್ರ ಹೇಳಿದವರದು ಎಂದು ನ್ಯಾಯಾಲಯ ತೀರ್ಮಾನಿಸಿತು, ಸಿನಿಮಾದವರೇ ಗೆದ್ದರು. ಸಿನಿಮಾ ಕಥೆಗೆ ಪುರಾಣದ ಕಿರೀಟ ತೊಡಿಸಿ ಹೊಸ ಪ್ರಸಂಗವೆಂದು ಮಾರುವವರು ಈ ತೀರ್ಪನ್ನು ತಮ್ಮ ಪರವಾಗಿ ಉದ್ಧರಿಸುವುದುಂಟು. ಎಳೆ ಎತ್ತಿಕೊಂಡರೆ ಸರಿಯೇ. ದೃಶ್ಯದ ಮೇಲೆ ದೃಶ್ಯ, ತಿರುವಿನ ಮೇಲೆ ತಿರುವು, ಕೊನೆಗೆ ಚಿತ್ರದ ಹಾಡಿನ ಧಾಟಿಯೂ ಬಂದರೆ ಅದೇ ತೀರ್ಪು ಎದುರಾಳಿಯ ಕೈಗೆ ಹೋಗುತ್ತದೆ. ನೋಡಿದವನಿಗೆ ಇದು ಅದರ ನಕಲೇ ಎಂದು ಖಚಿತವಾಗಿ ಅನಿಸಬೇಕು ಎಂಬುದು ಅಲ್ಲಿ ಹೇಳಿದ ಒರೆಗಲ್ಲು, ಮತ್ತು ನಮ್ಮ ಪ್ರೇಕ್ಷಕರಿಗೆ ಹಾಗೆ ಅನಿಸುವುದು ಎರಡನೇ ಪದ್ಯಕ್ಕೇ.

ಧಾಟಿಯ ಮಾತು ಬಂದದ್ದರಿಂದ ‘ಕಾಂತಾರ’ವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2022ರ ಸೆಪ್ಟೆಂಬರ್ 30ಕ್ಕೆ ತೆರೆಕಂಡ ಆ ಚಿತ್ರದ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ದೂರಿತು. ರಾಗ ಒಂದೇ ಆದ್ದರಿಂದ ಹೋಲಿಕೆ ಕಾಣುತ್ತದೆ ಎಂದು ಚಿತ್ರತಂಡ ಉತ್ತರಿಸಿತು. ಕೋಳಿಕ್ಕೋಡಿನ ನ್ಯಾಯಾಲಯದ ತಡೆಯಾಜ್ಞೆ ಬಂದು, ಒಟಿಟಿಯಲ್ಲಿ ಚಿತ್ರ ಬಿಡುಗಡೆಯಾದಾಗ ಹಾಡಿಗೆ ಬೇರೆ ಸಂಗೀತ ಕೂರಿಸಬೇಕಾಯಿತು. ಆಮೇಲೆ ಮೊದಲಿನ ಹಾಡು ಮರಳಿತು. 2023ರ ಫೆಬ್ರವರಿಯಲ್ಲಿ ಹಾಡಿಲ್ಲದೆ ಚಿತ್ರ ತೋರಿಸಬೇಕೆಂಬ ಕೇರಳ ಹೈಕೋರ್ಟಿನ ಜಾಮೀನು ಷರತ್ತಿಗೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ರಾಗದ ಮೇಲೆ ಯಾರಿಗೂ ಹಕ್ಕಿಲ್ಲ, ಆ ರಾಗದಲ್ಲಿ ಕಟ್ಟಿದ ನಿರ್ದಿಷ್ಟ ಸಂಯೋಜನೆಯ ಮೇಲೆ ಇದೆ. ನಮ್ಮ ಭಾಗವತರಿಗೆ ಈ ವ್ಯತ್ಯಾಸವನ್ನು ಪಾಠ ಮಾಡಬೇಕಾಗಿಲ್ಲ. ಒಂದೇ ಮಟ್ಟಿನಲ್ಲಿ ನೂರು ಪ್ರಸಂಗದ ಪದ್ಯಗಳನ್ನು ಹಾಡುವುದು ಅವರ ಕಸುಬು. ಮಟ್ಟಿನ ಹೆಸರನ್ನು ಪದ್ಯದ ತಲೆಯ ಮೇಲೆಯೇ ಅಚ್ಚು ಹಾಕುವ ಪ್ರಸಂಗ ಪುಸ್ತಕಗಳಂತೂ ತಮ್ಮ ಎರವಲನ್ನು ಸಾಲ ಪತ್ರದ ಹಾಗೆ ತೆರೆದೇ ತೋರಿಸುತ್ತವೆ.

ಆದರೆ ಹೊಸ ಮಟ್ಟನ್ನು ಕಟ್ಟಿದ, ಹಳೆಯದನ್ನು ತನ್ನದಾಗಿ ತಿರುಗಿಸಿದ ಭಾಗವತನಿಗೆ ಕಾಯ್ದೆ ಬಹುಕಾಲ ಏನೂ ಕೊಡಲಿಲ್ಲ. 1957ರ ಮೂಲ ಕಾಯ್ದೆಯ ಪ್ರಕಾರ ಸಂಗೀತಕೃತಿ ಎಂದರೆ ಅಚ್ಚಾದ ಅಥವಾ ಬರವಣಿಗೆಗೆ ಇಳಿದ ಸಂಗೀತ. ಸ್ವರಲಿಪಿಯನ್ನೇ ಕಾಣದ ಹಿಮ್ಮೇಳದ ಕಲೆ ಆ ಪಟ್ಟಿಯಲ್ಲಿ ಬರುವುದು ಹೇಗೆ? 1994ರ ತಿದ್ದುಪಡಿ ಆ ಷರತ್ತನ್ನು ತೆಗೆದುಹಾಕಿತು. ‘ಬಲಿಪ ಶೈಲಿ’ ಎಂದು ಜನ ಕರೆದದ್ದನ್ನಂತೂ ಇವತ್ತಿನ ಕಾಯ್ದೆಯೂ ಗುರುತಿಸುವುದಿಲ್ಲ, ಗುರುತಿಸುವುದೂ ಬೇಡ. ಶೈಲಿಗೆ ಬೇಲಿ ಹಾಕಿದ್ದರೆ ತೆಂಕುತಿಟ್ಟಿನಲ್ಲಿ ಎರಡನೆಯ ತಲೆಮಾರಿನ ಭಾಗವತರೇ ಹುಟ್ಟುತ್ತಿರಲಿಲ್ಲ. ಬಲಿಪರು ತಮ್ಮ ಅಜ್ಜನ ಹೆಸರನ್ನೇ ಹೊತ್ತು, ಅಜ್ಜನ ಹಾದಿಯಲ್ಲೇ ಹಾಡಿದವರು.

ಅರ್ಥಗಾರಿಕೆಯ ಪಾಡು ಇನ್ನೂ ಬಿಗಡಾಯಿಸಿದ್ದು. ಆಶುವಾಗಿ ಆಡಿದ ಮಾತು ಆಡಿದ ಕ್ಷಣದಲ್ಲೇ ಗಾಳಿಗೆ ಹೋಗುತ್ತದೆ. ನೆಲೆಗೊಳ್ಳದ ಮಾತಿಗೆ ನಾಟಕಕೃತಿಯ ರಕ್ಷಣೆ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರ ಮಾತಿನ ಜಾಡು ಹಿಡಿದು ಅರ್ಥ ಹೇಳಿದವರು ಎಷ್ಟು ಮಂದಿ! ಕೇಳುಗರು ಗುರುತಿಸಿ ನಗುತ್ತಿದ್ದರು, ಕೆಲವೊಮ್ಮೆ ಎದುರಿನ ಅರ್ಥಧಾರಿಯೇ ಕೂಟದಲ್ಲಿ ಚುಚ್ಚುತ್ತಿದ್ದ. ಅದೇ ದಂಡ. ಈಗ ಸಭೆಯ ಮೂಲೆಯಲ್ಲಿ ಯಾರೋ ಮೊಬೈಲ್ ಆನ್ ಮಾಡಿಟ್ಟರೆ ಮಾತು ನೆಲೆಗೊಳ್ಳುತ್ತದೆ, ಮತ್ತು ಧ್ವನಿಮುದ್ರಿಕೆಯ ಹಕ್ಕು ಸಿಗುವುದು ಮುದ್ರಿಸಿಕೊಂಡವನಿಗೆ. ಮೂವತ್ತು ವರ್ಷ ಪುರಾಣ ಓದಿ ಅರ್ಥ ಕಟ್ಟಿದವರಿಗೆ ಚಪ್ಪಾಳೆ, ಗುಂಡಿ ಒತ್ತಿದವನಿಗೆ ಚಾನೆಲ್.

ಇದಕ್ಕೂ ಒಂದು ಮದ್ದು ಕಾಯ್ದೆಯಲ್ಲಿದೆ, ಬಹಳ ಮಂದಿ ಗಮನಿಸಿಲ್ಲ. 1994ರಲ್ಲಿ ಪ್ರದರ್ಶಕರ ಹಕ್ಕು ಎಂಬುದು ಸೇರಿತು, 2012ರಲ್ಲಿ ಅದಕ್ಕೆ ಇನ್ನಷ್ಟು ಬಲ ಬಂತು. ಪ್ರದರ್ಶಕ ಯಾರು ಎಂದು ಹೇಳುವ ಪಟ್ಟಿಯನ್ನು ಓದುವುದೇ ಒಂದು ಸಂತೋಷ: ನಟ, ಗಾಯಕ, ವಾದಕ, ನರ್ತಕ, ದೊಂಬರಾಟದವನು, ಜಾದೂಗಾರ, ಹಾವಾಡಿಗ, ಉಪನ್ಯಾಸ ಕೊಡುವವನು. ಹಾವಾಡಿಗನಿಗೆ ಜಾಗ ಕೊಟ್ಟ ಪಟ್ಟಿಯಲ್ಲಿ ಅರ್ಥಧಾರಿಯ ಹೆಸರಿಲ್ಲ, ಆದರೆ ಉಪನ್ಯಾಸಕಾರನ, ನಟನ ಬೆನ್ನಿಗೆ ಆತನೂ ಒಳಗೆ ಬರುತ್ತಾನೆ. ಅವರ ಒಪ್ಪಿಗೆ ಇಲ್ಲದೆ ಮುದ್ರಿಸುವಂತಿಲ್ಲ, ಪ್ರಸಾರ ಮಾಡುವಂತಿಲ್ಲ. ಪ್ರದರ್ಶನದ ನಂತರ ಐವತ್ತು ವರ್ಷ ಈ ಹಕ್ಕು ಇರುತ್ತದೆ. ವ್ಯಾಪಾರಕ್ಕೆ ಬಳಸಿದರೆ ಪಾಲು ಕೇಳಬಹುದು, ಹೆಸರು ಹಾಕಬೇಕೆಂದು ಹಟ ಹಿಡಿಯಬಹುದು.

ಬೆಳ್ತಂಗಡಿ ತಾಲೂಕಿನವರು ಈ ಹಂತದಲ್ಲಿ ತಮ್ಮದೇ ಊರಿನ ಒಬ್ಬರನ್ನು ನೆನೆಯಬೇಕು. ಮಾಚಾರಿನ ಗೋಪಾಲ ನಾಯ್ಕರು ರೈತರು, ಸಿರಿ ಆರಾಧನೆಯ ತಂಡವನ್ನು ನಡೆಸಿದವರು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ, ವಿವೇಕ ರೈ, ಚಿನ್ನಪ್ಪ ಗೌಡ, ಅನೆಲಿ ಹೋಂಕೊ ಇವರೆದುರು ನಾಯ್ಕರು ಸಿರಿಯ ಕಥೆಯನ್ನು ದಿನಗಟ್ಟಲೆ ಹಾಡಿದರು. ಬರೆದು ಮುಗಿಸಿದಾಗ 15,683 ಸಾಲು. 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾದ ಆ ಮಹಾಕಾವ್ಯದ ಶೀರ್ಷಿಕೆಯಲ್ಲೇ ‘ಗೋಪಾಲ ನಾಯ್ಕರು ಹಾಡಿದಂತೆ’ ಎಂದು ಇದೆ. ನಾಯ್ಕರು ಸಿರಿಯನ್ನು ಸೃಷ್ಟಿಸಿದವರಲ್ಲ, ಇತರರು ಹೇಳಿದ್ದನ್ನು ಕೇಳಿ ಕಲಿತವರು. ಆದರೆ ಆ ಸಾಲುಗಳನ್ನು ಆ ಕ್ರಮದಲ್ಲಿ ಜೋಡಿಸಿ ಹಾಡಿದವರು ಅವರೇ. ಕಾರಂತರ ಬ್ಯಾಲೆಗೆ ಒಪ್ಪುವ ತರ್ಕ ನಾಯ್ಕರ ಸಿರಿಗೂ ಒಪ್ಪಬೇಕು. ಒಬ್ಬರು ಜ್ಞಾನಪೀಠ ಪಡೆದ ಸಾಹಿತಿ, ಇನ್ನೊಬ್ಬರು ಗದ್ದೆಯ ಹಾಡುಗಾರ ಎಂಬ ವ್ಯತ್ಯಾಸ ಕಾಯ್ದೆಯಲ್ಲಿಲ್ಲ, ನಮ್ಮ ರೂಢಿಯಲ್ಲಿದೆ. ಪಾಡ್ದನ ಹೇಳಿದವರ ಹೆಸರಿಲ್ಲದ ಸಂಗ್ರಹಗಳನ್ನು ನೋಡಿದಾಗೆಲ್ಲ ಇದು ನೆನಪಾಗುತ್ತದೆ.

ಕಾಯ್ದೆ ಏನನ್ನೂ ಹೇಳದ ಇನ್ನೊಂದು ಕ್ಷೇತ್ರ ದೈವಾರಾಧನೆ. ಯಾವ ಗ್ರಾಮದಲ್ಲಿ ಯಾವ ದೈವಕ್ಕೆ ಯಾರು ಕಟ್ಟಬೇಕು ಎಂಬುದಕ್ಕೆ ನಲಿಕೆ, ಪಂಬದ, ಪರವ ಸಮುದಾಯಗಳ ನಡುವೆ ತಲೆಮಾರುಗಳ ಕಟ್ಟುಕಟ್ಟಳೆ ಉಂಟು. ‘ಕಾಂತಾರ’ದ ಬಳಿಕ ಶಾಲಾ ವಾರ್ಷಿಕೋತ್ಸವಗಳಲ್ಲಿ, ಛದ್ಮವೇಷ ಸ್ಪರ್ಧೆಗಳಲ್ಲಿ ಮಕ್ಕಳಿಗೆ ದೈವದ ಬಣ್ಣ ಬಳಿದು ಕುಣಿಸುವುದು ಹೆಚ್ಚಾದಾಗ ತುಳುವರು ಆಕ್ಷೇಪಿಸಿದರು. ಅದನ್ನು ತಡೆಯಲು ಕೃತಿಸ್ವಾಮ್ಯ ಕಾಯ್ದೆಯಲ್ಲಿ ಒಂದು ಅಕ್ಷರವೂ ಇಲ್ಲ. ತಡೆಯಬೇಕೇ ಎಂಬ ಪ್ರಶ್ನೆಯನ್ನು ವಕೀಲರಿಗಿಂತ ಮೊದಲು ಆ ಸಮುದಾಯಗಳ ಹಿರಿಯರಿಗೆ ಕೇಳುವುದು ಲೇಸು.

ಬೇಲಿ ಬಿಗಿಯಾದರೆ ಏನಾಗುತ್ತದೆ ಎಂಬುದಕ್ಕೆ ಮೂಡುಬಿದಿರೆಯಲ್ಲೇ ಉದಾಹರಣೆ ಇದೆ. ಜೈನ ಸಿದ್ಧಾಂತದ ಧವಳಾ, ಜಯಧವಳಾ ಟೀಕೆಗಳ ತಾಳೆಗರಿಗಳು ಶತಮಾನಗಳ ಕಾಲ ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ದರ್ಶನಕ್ಕೆ ಮಾತ್ರ ಸಿಗುತ್ತಿದ್ದವು, ಓದಿಗೆ ಸಿಗುತ್ತಿರಲಿಲ್ಲ. ಗರಿಗಳು ಶಿಥಿಲವಾಗುತ್ತ ಬಂದಾಗ 1896ರ ಹೊತ್ತಿಗೆ ಪ್ರತಿ ಮಾಡುವ ಕೆಲಸ ಶುರುವಾಯಿತು, ಆದರೆ ಪ್ರತಿ ಹೊರಗೆ ಹೋಗಬಾರದೆಂಬ ಕಟ್ಟಪ್ಪಣೆಯಿತ್ತು. ಬರೆಯಲು ಬಂದ ಪಂಡಿತರೊಬ್ಬರು ಹೆಂಡತಿಯ ನೆರವಿನಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಗುಟ್ಟಾಗಿ ಇಳಿಸಿಕೊಂಡರು. ಅದು ಉತ್ತರ ಭಾರತದ ಸಹಾರನಪುರ ಸೇರಿತು, ಅಲ್ಲಿಂದ ಪ್ರತಿಯ ಪ್ರತಿಗಳು ಹರಡಿದವು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಳಾದ ಮೊದಲ ಸಂಪುಟ ಅಚ್ಚಾಯಿತು. ಆ ದಂಪತಿಯನ್ನು ಕಳ್ಳರೆನ್ನಬೇಕೋ ಶಾಸ್ತ್ರದಾನಿಗಳೆನ್ನಬೇಕೋ ಎಂದು ಜೈನ ವಿದ್ವಾಂಸರೇ ನಿರ್ಧರಿಸಲಿ. ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ‘ದಾನಚಿಂತಾಮಣಿ’ ಎಂದು ಕರೆದದ್ದೂ ಇದೇ ಪರಂಪರೆ. ಯಕ್ಷವಾಹಿನಿಯಂಥ ಸಂಸ್ಥೆ ಹಳೆಯ ಪ್ರಸಂಗಗಳನ್ನು ಕಂಪ್ಯೂಟರಿಗೆ ಇಳಿಸಿ ಎಲ್ಲರಿಗೂ ಸಿಗುವಂತೆ ಮಾಡಿದ್ದನ್ನು ಅತ್ತಿಮಬ್ಬೆ ಮೆಚ್ಚುತ್ತಿದ್ದಳು.

ಈ ಪತ್ರದ ಬೇಡಿಕೆ ದೊಡ್ಡದೇನಲ್ಲ. ನಿಮ್ಮ ಆಟದ ಕರಪತ್ರದಲ್ಲಿ ದಾನಿಗಳ ಹೆಸರಿರುತ್ತದೆ, ಅತಿಥಿಗಳ ಹೆಸರು ಬಿರುದಾವಳಿ ಸಮೇತ ಇರುತ್ತದೆ, ಧ್ವನಿವರ್ಧಕದವರ ಫೋನ್ ನಂಬರ್ ಇರುತ್ತದೆ. ಪ್ರಸಂಗ ಬರೆದವರ ಹೆಸರು ಎಷ್ಟೋ ಸಲ ಇರುವುದಿಲ್ಲ. ಕೃತಿಯ ಹಕ್ಕನ್ನು ಮಾರಿದ ಮೇಲೂ ಕರ್ತೃ ತನ್ನ ಹೆಸರನ್ನು ಕೇಳುವ ಅಧಿಕಾರ ಉಳಿಸಿಕೊಂಡಿರುತ್ತಾನೆ ಎನ್ನುತ್ತದೆ 57ನೇ ಕಲಮು. ಕೃತಿಯನ್ನು ತನ್ನ ಮಾನಕ್ಕೆ ಕುಂದು ಬರುವಂತೆ ವಿರೂಪಗೊಳಿಸಿದರೆ ಪ್ರಶ್ನಿಸುವ ಅಧಿಕಾರವೂ ಅದರಲ್ಲೇ ಇದೆ. ಕಾಲಮಿತಿಗಾಗಿ ನಾಲ್ಕು ಪದ್ಯ ಬಿಟ್ಟರೆ ಯಾರ ಮಾನವೂ ಹೋಗುವುದಿಲ್ಲ. ಕರ್ತೃ ಖಂಡಿಸಿದ್ದನ್ನೇ ಹೊಗಳುವಂತೆ ತಿರುಚಿದರೆ ಹೋಗುತ್ತದೆ.

ಬದುಕಿರುವ ಪ್ರಸಂಗಕರ್ತರನ್ನು ಒಂದು ಮಾತು ಕೇಳಿ ಆಡುವುದು, ಉಚಿತ ಆಟವಾದರೂ ಅವರನ್ನು ಕರೆದು ವೀಳ್ಯದೊಡನೆ ಗೌರವಿಸುವುದು ಕಾಯ್ದೆಗಿಂತ ಹಳೆಯ ಕ್ರಮ. ನೇರಪ್ರಸಾರ ಇದ್ದರೆ ಮಾತ್ರ ಬಾಯಿಮಾತು ಸಾಲದು. ಒಂದು ಹಾಳೆಯಲ್ಲಿ ಪ್ರಸಂಗದ ಹೆಸರು, ಕರ್ತೃವಿನ ಅಥವಾ ವಾರಸುದಾರರ ಒಪ್ಪಿಗೆ, ಭಾಗವತರಿಂದ ಹಿಡಿದು ಸ್ತ್ರೀವೇಷದವರ ತನಕ ಎಲ್ಲ ಕಲಾವಿದರ ಸಹಿ, ವಿಡಿಯೊ ಯಾರ ಚಾನೆಲಿನಲ್ಲಿ ಹೋಗುತ್ತದೆ, ಹಣ ಬಂದರೆ ಹೇಗೆ ಹಂಚಿಕೆ ಎಂದು ಬರೆದಿಟ್ಟುಕೊಳ್ಳಿ. ಚೌಕಿಯಲ್ಲಿ ಬಣ್ಣ ಹಾಕಲು ಕೂತವರ ಸಹಿ ತೆಗೆದುಕೊಳ್ಳುವುದು ಕಷ್ಟ. ಸಂಜೆ ಚಾದ ಹೊತ್ತಿಗೇ ಮುಗಿಸುವುದು ಒಳ್ಳೆಯದು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ನಿಮ್ಮ ತಾಳಮದ್ದಳೆಗಳು ನಡೆಯುತ್ತವೆ. ಕೂಟದ ಪ್ರಸಂಗ ನಿಶ್ಚಯಿಸುವ ಸಭೆಯಲ್ಲಿಯೇ, ಅರ್ಥಧಾರಿಗಳಿಗೆ ಫೋನ್ ಮಾಡುವ ಮೊದಲು, ಕಾರ್ಯದರ್ಶಿಗಳು ಕರ್ತೃ ಯಾರು, ಇದ್ದಾರೋ ಇಲ್ಲವೋ, ತೀರಿಕೊಂಡದ್ದು ಯಾವ ವರ್ಷ ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರೆ ಉಳಿದ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು.

ಇತಿ,
ಆಟ ನೋಡುವವರ ಸಾಲಿನಿಂದ